ಎದುರು ತುದಿಯಿಂದ ಕಂಡದ್ದು

ಎದುರಾಳಿಗಳ ಡೇರೆಯಿಂದ ಲಿಸಾಂಡ್ರೊ ನಗುತ್ತಾ ಹೊರಬಂದ. ಎದುರಿಗೇ ಯರೆಟ್ಸಿ ನಿಂತಿದ್ದಳು.

ಅವನ ನಗು ಅಲ್ಲೇ ಒಣಗಿತು.

"ಕೋಸ್ಟರಿಕಾದವರ ಹತ್ತಿರ ಬೆಳಬೆಳಗ್ಗೆ ಏನಪ್ಪಾ ಅಷ್ಟು ಮಾತು?"

"ಹೀಗೇ... ಮನೆ ವಿಷಯ."

ಮನೆ ವಿಷಯವಂತೆ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಆದರೆ ಹಳದಿಯೇ ಎದುರು ಬಂದು ನಿಂತರೆ?

ಮೆಕ್ಸಿಕೊ ಹೆಣ್ಣುಮಕ್ಕಳ ಕ್ರಿಕೆಟ್ ತಂಡ ಇನ್ನೂ ಹಸುಗೂಸು. ಹೆಚ್ಚಿನವರು ಸಾಫ್ಟ್‌ಬಾಲ್ ಬಿಟ್ಟು ಬಂದವರು. ಚೆಂಡು ಹೊಡೆದ ಕೂಡಲೇ ಬ್ಯಾಟ್ ಬಿಸಾಕಿ ಓಡುವ ಚಾಳಿಯನ್ನು ಬಿಡಿಸಿದ್ದೇ ಈ ಲಿಸಾಂಡ್ರೊ, ಅವರ ಕೋಚ್. ಅವನ ತಾಯಿಯ ತವರು ಕೋಸ್ಟರಿಕಾ.

ವಿಕೆಟ್ ಕೀಪರ್ ಯರೆಟ್ಸಿ ತನ್ನ ಹಳೇ ಆಟದಿಂದ ಒಂದು ಗುಟ್ಟು ತಂದಿದ್ದಳು. ಕುಕ್ಕರಗಾಲಲ್ಲಿ ಕೂತು ಎಡ ಮಂಡಿ ತಟ್ಟಿದರೆ ಬೌಲರ್ ವೇಗದ ಚೆಂಡು ಹಾಕಬೇಕು, ಬಲ ಮಂಡಿ ತಟ್ಟಿದರೆ ನಿಧಾನದ್ದು. ನಿನ್ನೆಯ ಮೊದಲ ಪಂದ್ಯದಲ್ಲಿ ಪ್ರತಿ ನಿಧಾನದ ಚೆಂಡಿಗೂ ಕೋಸ್ಟರಿಕಾದವರು ಕಾದು ಕೂತಂತೆ ಬಾರಿಸಿದ್ದರು.

ಗುಟ್ಟು ಗೊತ್ತಿದ್ದದ್ದು ಅವಳಿಗೆ, ಬೌಲರೂ ನಾಯಕಿಯೂ ಆದ ನಯೇಲಿಗೆ, ಮತ್ತೆ... ಇವನಿಗೆ.

'ನಾನು ಮನಸ್ಸು ಕೊಟ್ಟವನೇ ನನ್ನನ್ನು ಮಾರಿದನಾ?'

ಬೆಳಗ್ಗೆ ಆಟೊಲೆ ಗಂಜಿ ಕುಡಿಯುವಾಗಲೇ ಅವಳು ಈ ಅನುಮಾನವನ್ನು ನಯೇಲಿಯ ಕಿವಿಗೆ ಹಾಕಿಯಾಗಿತ್ತು. ಈಗ ನಯೇಲಿ ಬಂದವಳೇ ಅಂದಳು, "ಲಿಸಾಂಡ್ರೊ, ಇವತ್ತು ನಮ್ಮ ಬೆಂಚಿನ ಹತ್ತಿರ ಸುಳಿಯಬೇಡ."

ಅವನು ಯರೆಟ್ಸಿಯನ್ನು ನೋಡಿದ. "ಹೇಳಿದ್ದು ನೀನಾ?"

ಅವಳು ತಲೆ ತಗ್ಗಿಸಲಿಲ್ಲ.

"ಸರಿ, ಹೋಗ್ತೀನಿ. ಅದಕ್ಕೆ ಮುಂಚೆ ಒಂದು ಸಲ ಪಿಚ್ ಹತ್ತಿರ ಬಾ."

ಬೌಲರ್ ಓಡಿಬರುವ ತುದಿಯಲ್ಲಿ ಅವಳನ್ನು ನಿಲ್ಲಿಸಿ, ತಾನು ಆಚೆ ತುದಿಗೆ ಹೋಗಿ, ಸ್ಟಂಪಿನ ಹಿಂದೆ ಕುಕ್ಕರಿಸಿ ಬಲ ಮಂಡಿ ತಟ್ಟಿದ.

"ಈಗ ಯಾವ ಚೆಂಡು ಬರುತ್ತೆ?"

"ನಿಧಾ..."

ಅವಳು ತಾನು ನಿಂತ ಜಾಗವನ್ನೊಮ್ಮೆ ನೋಡಿಕೊಂಡಳು.

ಸಾಫ್ಟ್‌ಬಾಲಿನಲ್ಲಿ ಚೆಂಡು ಎಸೆಯುವವಳ ಪಕ್ಕದಲ್ಲಿ ಎದುರಾಳಿ ನಿಲ್ಲುವುದಿಲ್ಲ. ಇಲ್ಲಿ ಅವಳು ಈಗ ನಿಂತ ಜಾಗದಲ್ಲೇ ಎದುರಾಳಿಗಳ ಇನ್ನೊಬ್ಬ ಬ್ಯಾಟುಗಾರ್ತಿ ಸದಾ ಇರುತ್ತಾಳೆ, ಕೀಪರ್‌ನತ್ತಲೇ ಮುಖಮಾಡಿ. ಕಂಡದ್ದನ್ನು ಆಚೆ ತುದಿಯ ಜೊತೆಗಾತಿಗೆ ಅವಳೊಂದು ಸನ್ನೆ ಮಾಡಿದರೆ ಸಾಕು. ನಿನ್ನೆಯಿಡೀ ಯರೆಟ್ಸಿ ಎದುರಾಳಿಗೇ ಗುಟ್ಟು ಹೇಳುತ್ತಾ ಕೂತಿದ್ದಳು!

"ನಿನ್ನೆಯೇ ಯಾಕೆ ಹೇಳಲಿಲ್ಲ?"

"ಪಂದ್ಯ ಮುಗಿದ ಮೇಲೆ ಹೊಳೀತು. ರಾತ್ರಿಯೇ ಬಂದು ನಿನ್ನ ಬಾಗಿಲು ತಟ್ಟಿದೆ. 'ನಿನ್ನ ಹತ್ತಿರ ಮಾತಿಲ್ಲ' ಅಂದೆಯಲ್ಲ ಕುಳ್ಳಿ."

ಅವನು ಚೀಲ ಹೆಗಲಿಗೇರಿಸಿ ಗೇಟಿನ ಕಡೆ ಹೊರಟೇಬಿಟ್ಟ.

ಯರೆಟ್ಸಿ ಬೆಂಚಿನತ್ತ ಓಡಿದಳು. ಎಲ್ಲರ ಮುಂದೆ ನಿಂತಳು.

"ಗುಟ್ಟು ಬಿಟ್ಟುಕೊಟ್ಟವಳು ನಾನು. ಅವನಲ್ಲ." ಹೇಗೆಂದೂ ಹೇಳಿದಳು.

ನಯೇಲಿ ಹಣೆ ಚಚ್ಚಿಕೊಂಡಳು. "ಸೋಲಿಸಿದ್ದೂ ನೀನೇ, ಕೋಚನ್ನ ಓಡಿಸಿದ್ದೂ ನೀನೇ. ಹೋಗಿ ಕರ್ಕೊಂಡು ಬಾರೇ, ತಾಯಿ."

ಗೇಟಿನಲ್ಲಿ ಅವನ ಚೀಲದ ಪಟ್ಟಿ ಹಿಡಿದು ನಿಲ್ಲಿಸಿದಳು. ಪ್ಯಾಡ್ ಕಟ್ಟಿಕೊಂಡು ಓಡಿ ಏದುಸಿರು.

"ಕ್ಯಾಪ್ಟನ್ ಕಳಿಸಿದ್ಲಾ?"

"ಕಳಿಸದಿದ್ರೂ ಬರ್ತಿದ್ದೆ. ತಪ್ಪು ನಂದು, ಲಿಸಾಂಡ್ರೊ."

"ನಾಳೆ ಮತ್ತೆ ಅನುಮಾನ ಬಂದರೆ?"

"ಊರಿಗೆ ಹೇಳೋಕೆ ಮುಂಚೆ ನಿನ್ನನ್ನೇ ಕೇಳ್ತೀನಿ." ಅವಳು ಉಸಿರೆಳೆದುಕೊಂಡಳು. "ಈಗಲೇ ಕೇಳ್ತೀನಿ. ಆ ಡೇರೆಯಲ್ಲಿ ಏನು ಮಾತಾಡಿದೆ?"

"ಅವರ ಮ್ಯಾನೇಜರ್ ನಮ್ಮ ಚಿಕ್ಕಮ್ಮ. ಕೋಸ್ಟರಿಕಾಕ್ಕೇ ಬಂದುಬಿಡು, ಕೆಲಸ ಕೊಡಿಸ್ತೀನಿ ಅಂದಳು."

"ನೀನು...?"

"ಇಲ್ಲೊಬ್ಬಳಿದ್ದಾಳೆ. ಅವಳಿಲ್ಲದ ಊರು ನನಗೆ ಬೇಡ ಅಂದೆ. ಅವಳಿಗಿನ್ನೂ ಹೇಳಿಲ್ಲ ಅಂದೆ. ಅದಕ್ಕೇ ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು."

ಯರೆಟ್ಸಿ ಗವಸು ಕಳಚಿದಳು. ಬರಿಗೈಯಲ್ಲಿ ಅವನ ಕೈ ಹಿಡಿದು ಮೈದಾನದತ್ತ ತಿರುಗಿಸಿದಳು.

"ಎರಡೂ ತಂಡದವರು ನೋಡ್ತಿದಾರೆ ಕಣೇ..."

"ನೋಡಲಿ ಬಿಡು."