ಮಂಚದ ಕೆಳಗಿನ ಚಕ್ರ

ಚಳಿಗಾಲದ ಮಂಜಿಗೆ ಬೇತಮಂಗಲದ ರಸ್ತೆಯೇ ಕಾಣುವುದಿಲ್ಲವೆಂದು, ರೇಸ್ ಸೈಕಲನ್ನು ಆಂಡರ್ಸನ್‌ಪೇಟೆಯ ಬಾಡಿಗೆ ಮನೆಯೊಳಗೇ ಸ್ಟ್ಯಾಂಡಿಗೇರಿಸಿ ತುಳಿಯುತ್ತಿದ್ದೆ. ಆದರೆ ಬೆಳಿಗ್ಗೆ ನಾನು ಹತ್ತುವ ಮೊದಲೇ ಸೀಟು ಬೆಚ್ಚಗಿರುತ್ತಿತ್ತು. ಟೈರುಗಳಿಗೆ, ಊರಾಚೆ ಚಿನ್ನದ ಗಣಿಯ ತ್ಯಾಜ್ಯ ಸುರಿದ ಸೈನೈಡ್ ಗುಡ್ಡದ ಬೂದು ಮಣ್ಣು ಮೆತ್ತಿರುತ್ತಿತ್ತು. ಜೊತೆಗಿದ್ದ ಸುಧಾಕರನ ಮೇಲೆ ನನಗೆ ಅನುಮಾನ. ಜಿಲ್ಲಾ ತಂಡದಲ್ಲಿ ಉಳಿದಿದ್ದ ಒಂದೇ ಜಾಗಕ್ಕೆ ಇಬ್ಬರೂ ಕಾದಿದ್ದೆವು.

"ನನ್ ಸೈಕಲ್ ಕದ್ದು ಆಚೆ ತಗೊಂಡೋಗ್ತೀಯೇನ್ಲಾ?"

"ಇಲ್ಲ ಕಣ್ಲಾ. ದಿನಾ ಸದ್ದು ಕೇಳ್ತದೆ, ನೀನೇ ತುಳೀತಿದ್ದೀಯ ಅನ್ಕೊಂಡಿದ್ದೆ."

ನಂಬಲಿಲ್ಲ. ಅವನು ಬೂದಿಕೋಟೆಗೆ ಹೋಗಿ ರಾತ್ರಿ ಅಲ್ಲೇ ಉಳಿದ ದಿನವೂ ಮುಂದಿನ ಚಕ್ರ ಬಿಚ್ಚಿ, ತೊಳೆದೊರೆಸಿ ನನ್ನ ಮಂಚದ ಕೆಳಗಿಟ್ಟು, ಕೋಣೆಯ ಚಿಲಕ ಹಾಕಿ ಮಲಗಿದೆ.

ಬೆಳಗಿನ ಜಾವ ಪಡಸಾಲೆಯಲ್ಲಿ ಪೆಡಲಿನ ಸದ್ದು ನಿಂತಾಗ ಎಚ್ಚರವಾಯಿತು. ಹಾಕಿದ ಚಿಲಕ ಹಾಗೇ ಇತ್ತು. ಬಗ್ಗಿ ಮಂಚದ ಕೆಳಗಿನ ಚಕ್ರ ಎಳೆದೆ.

ಟೈರಿಗೆ ಮೆತ್ತಿದ್ದ ಬೂದು ಮಣ್ಣು ಇನ್ನೂ ಹಸಿಯಾಗಿತ್ತು.