ಟವೆಲ್ಲಿನೊಳಗೆ ಮೂರು ಬೆರಳು

ಟವೆಲ್ಲಿನ ಕೆಳಗೆ ಅಪ್ಪನ ಕೈಯೂ ತಾತನ ಕೈಯೂ ಗುದ್ದಾಡುತ್ತಿದ್ದವು. ಒಳಗೆ ಎರಡು ಇಲಿ ಹೊಕ್ಕ ಹಾಗೆ ಟವೆಲ್ಲು ಒಂದು ಸಲ ಉಬ್ಬುತ್ತಿತ್ತು, ಒಂದು ಸಲ ತಗ್ಗುತ್ತಿತ್ತು. ಶಶಿರೇಖಳ ತೊಡೆಯ ಮೇಲೆ ಹಳೇ ಸೀರೆಯ ತುಂಡು ಸುತ್ತಿಕೊಂಡು ಮಲಗಿದ್ದ ಬೆಕ್ಕಿಗೂ ಇಲಿಯೆಂದೇ ಅನ್ನಿಸಿರಬೇಕು. ಹಿಂಗಾಲು ಮುರಿದಿದ್ದರೂ ಮುಂಗಾಲು ಚಾಚಿ ಟವೆಲ್ಲಿಗೆ ಒಂದು ಏಟು ಕೊಟ್ಟಿತು.

"ನಿನ್ ವಿಷ್ಯಾನೇ ಕಣ್ಲಾ ಮಾತಾಡ್ತಿರೋದು, ಸುಮ್ಕಿರು" ಎಂದು ತಾತ ಬೆಕ್ಕನ್ನು ಗದರಿದ.

ತಾತ ಮುನಿನಾರಾಯಣಪ್ಪ ಒಂದು ಕಾಲಕ್ಕೆ ದನದ ದಲ್ಲಾಳಿ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು, ಬೆರಳು ಒತ್ತಿ, ಯಾವಾರ ಮುಗಿಸುತ್ತಾರೆ. ಎರಡು ಬೆರಳು ಒತ್ತಿದರೆ ಎರಡು, ನಾಲ್ಕು ಒತ್ತಿದರೆ ನಾಲ್ಕು. ನೂರೋ ಸಾವಿರವೋ ಎಂದು ಕೇಳುವ ಹಾಗಿಲ್ಲ, ದನದ ಮುಖ ನೋಡಿ ತಿಳಿದುಕೊಳ್ಳಬೇಕು. ಪ್ರಾಣಿಯ ಎದುರಿಗೆ ಅದರ ಬೆಲೆ ಹೇಳಿದರೆ ಅದಕ್ಕೆ ಬೇಜಾರಾಗುತ್ತದೆ ಎಂಬುದು ತಾತನ ನಂಬಿಕೆ.

ದಲ್ಲಾಳಿ ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ತಾತ ಟವೆಲ್ಲು ಬಿಟ್ಟಿರಲಿಲ್ಲ. ಮನೆಗೆ ಮಿಕ್ಸಿ ಕೊಳ್ಳುವಾಗ ಅಂಗಡಿಯವನ ಕೈ ಹಿಡಿದು ಟವೆಲ್ಲು ಹೊದಿಸಿದ್ದ. ಪಾಪ, ಅವನು ಹೆದರಿ ಕೈ ಕಿತ್ತುಕೊಂಡು ಗೋಡೌನಿನೊಳಗೆ ಹೋಗಿಬಿಟ್ಟನಂತೆ.

ಈಗ ಬೆಕ್ಕಿನ ಸರದಿ. ಅದರ ಹೆಸರು ಮೇಸ್ತ್ರಿ. ಮನೆಯವರೆಲ್ಲ ಬೆವರು ಸುರಿಸುವಾಗ ಇದು ಮಾತ್ರ ಕೊಟ್ಟಿಗೆಯ ಗೋಡೆ ಹತ್ತಿ, ಅರ್ಧ ಕಣ್ಣು ಮುಚ್ಚಿ ಉಸ್ತುವಾರಿ ನೋಡಿಕೊಳ್ಳುತ್ತಿತ್ತು. ಒಂದೇ ಒಂದು ಇಲಿ ಹಿಡಿದದ್ದನ್ನು ಕಂಡವರಿಲ್ಲ. ಅದಕ್ಕೇ ಅಮ್ಮ ಆ ಹೆಸರಿಟ್ಟಿದ್ದಳು.

ಹಿಂದಿನ ಸಂಜೆ ಅಪ್ಪ ಶ್ರೀರಾಮಪ್ಪ ಬೈಕಿಗೆ ಹಾಲಿನ ಕ್ಯಾನು ಕಟ್ಟುವಾಗ ಹಗ್ಗ ಜಾರಿತು. ಮೊದಲು ಹಾಲು ಚೆಲ್ಲಿತು. ಇಂಥ ಭಾಗ್ಯ ಮತ್ತೆ ಸಿಕ್ಕೀತೇ ಎಂದು ಮೇಸ್ತ್ರಿ ಓಡಿ ಬಂತು. ಹಿಂದೆಯೇ ಕ್ಯಾನು ಉರುಳಿ ಅದರ ಕಾಲ ಮೇಲೆ ಬಿತ್ತು. ರಾತ್ರಿಯೆಲ್ಲ ಅದು ನರಳಿತು. ಶಶಿಯೂ ನಿದ್ದೆ ಮಾಡಲಿಲ್ಲ.

ಬೆಳಿಗ್ಗೆ ಹಸುವಿಗೆ ಇಂಜೆಕ್ಷನ್ ಕೊಡಲು ಬೇತಮಂಗಲದಿಂದ ಬಂದಿದ್ದ ದನದ ಡಾಕ್ಟರು ಮೇಸ್ತ್ರಿಯ ಕಾಲನ್ನೂ ಮುಟ್ಟಿ ನೋಡಿದರು. ಮೂಳೆ ಮುರಿದಿದೆ, ಎಕ್ಸ್‌ರೇ ತೆಗೆಸಿ ಸರಿಯಾಗಿ ಕಟ್ಟು ಹಾಕಿಸಬೇಕು, ಹೀಗೇ ಬಿಟ್ಟರೆ ಕಾಲನ್ನೇ ತೆಗೆಯಬೇಕಾದೀತು ಎಂದರು. ರಾಬರ್ಟ್‌ಸನ್‌ಪೇಟೆಯಲ್ಲಿ ನಾಯಿ ಬೆಕ್ಕುಗಳಿಗೆಂದೇ ಒಂದು ಕ್ಲಿನಿಕ್ ಇದೆಯಂತೆ. ಬೈಕ್ ಸ್ಟಾರ್ಟ್ ಮಾಡುತ್ತಾ ಅವರು ಅಪ್ಪನ ಕಿವಿಯಲ್ಲಿ ಇನ್ನೂ ಏನೋ ಹೇಳಿದರು. ಬೈಕಿನ ಸದ್ದಿಗೆ ಶಶಿಗೆ ಅದು ಕೇಳಿಸಲಿಲ್ಲ.

ಆಮೇಲೆ ಶುರುವಾದದ್ದೇ ಈ ಟವೆಲ್ಲಿನ ಯಾವಾರ. ಬೆಕ್ಕಿನ ಕಡೆಯ ದಲ್ಲಾಳಿ ತಾತ. ದುಡ್ಡು ಬಿಚ್ಚಬೇಕಾದವನು ಅಪ್ಪ. ಅಪ್ಪ ತಲೆ ಅಡ್ಡಡ್ಡ ಆಡಿಸಿದ, ತಾತ ಹುಬ್ಬು ಏರಿಸಿದ. ಟವೆಲ್ಲು ಇನ್ನೊಂದು ಸಲ ಉಬ್ಬಿತು. ಕೊನೆಗೆ ಅಪ್ಪ ಉಸ್ಸೆಂದು ಕೈ ಹೊರಗೆ ತೆಗೆದ.

"ಮೂರು ಬೆರಳು. ಕೈ ಬಿತ್ತು, ಯಾವಾರ ಮುಗೀತು" ಎಂದು ತಾತ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಪಕ್ಕದ ಮನೆಯ ಪಾಪಕ್ಕ ಆಗಲೇ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತಿದ್ದಳು. ಊರಿನ ಸುದ್ದಿಯೆಲ್ಲ ಅವಳ ಮೂಲಕವೇ ಹೋಗಬೇಕು. ಬೆಕ್ಕಿಗೆ ಯಾರಾದರೂ ಡಾಕ್ಟರ ಹತ್ತಿರ ಹೋಗುತ್ತಾರಾ, ಬಿದಿರಿನ ದಬ್ಬೆ ಕಟ್ಟಿದರೆ ಸಾಕು, ತಮ್ಮ ಕೋಳಿಯ ಕಾಲು ಮುರಿದಾಗ ತಾನು ಹಾಗೇ ಮಾಡಿದ್ದೆ ಎಂದಳು. ಆ ಕೋಳಿಯ ಕಾಲು ಕೂಡಿಕೊಂಡಿತಾ ಎಂದು ಶಶಿ ಆಸೆಯಿಂದ ಕೇಳಿದಳು.

"ಕೂಡ್ಕೋತಿತ್ತು ಕಣಮ್ಮಣ್ಣಿ. ಅಷ್ಟ್ರಲ್ಲಿ ಅಬ್ಬ ಬಂತು."

ಶಶಿ ಮೇಸ್ತ್ರಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಎಷ್ಟಕ್ಕೆ ಮುಗಿಯಿತು ಎಂದು ಪಾಪಕ್ಕ ಅಪ್ಪನನ್ನು ಕೇಳಿದಳು. ಅಪ್ಪ ಊರಿಗೆಲ್ಲ ಕೇಳುವ ಹಾಗೆ, "ಮುನ್ನೂರು. ಅದರ ಮ್ಯಾಲೆ ಒಂದು ರೂಪಾಯಿ ಬಿಚ್ಚಾಕಿಲ್ಲ" ಎಂದ.

ಮುನ್ನೂರೇ ಹೆಚ್ಚಾಯಿತು ಎಂದು ಪಾಪಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆ ಊರೇ ಹಾಗೆ. ಹಸುವಿಗೆ ಎಷ್ಟು ಸುರಿದರೂ ಯಾರೂ ಕೇಳುವುದಿಲ್ಲ, ಅದು ಹಾಲು ಕೊಡುತ್ತದೆ. ಆದರೆ ಯಾವಾಗಲೋ ಒಬ್ಬರು ನಾಯಿಗೆ ಸ್ವೆಟರ್ ತಂದು ಹಾಕಿದ್ದಕ್ಕೆ ಇವತ್ತಿಗೂ ಅವರದು ಸ್ವೆಟರ್‌ನೋರ ಮನೆ. ನಾಯಿ ಹೋಯಿತು, ಸ್ವೆಟರೂ ಹರಿಯಿತು, ಹೆಸರು ಮಾತ್ರ ಉಳಿಯಿತು.

ಶಶಿ ಐದನೇ ಕ್ಲಾಸು, ಪೆದ್ದಿಯಲ್ಲ. ತನಗೆ ಜ್ವರ ಬಂದಾಗ ಬರೀ ಔಷಧಿಗೇ ಮುನ್ನೂರಕ್ಕಿಂತ ಹೆಚ್ಚಾಗಿತ್ತು. ಮುನ್ನೂರಕ್ಕೆ ಎಕ್ಸ್‌ರೇ ಎಲ್ಲಿ ಬಂತು, ಕಟ್ಟು ಎಲ್ಲಿ ಬಂತು? ಅಪ್ಪ ವಾಪಸ್ ಕರೆದುಕೊಂಡು ಬಂದುಬಿಟ್ಟರೆ ಮೇಸ್ತ್ರಿಗೆ ಮೂರೇ ಕಾಲು. ತಾತನನ್ನು ಕೇಳಿದರೆ ಅವನು ಎಲೆ ಅಡಿಕೆ ಜಗಿಯುತ್ತಾ, ಕೈ ಬಿದ್ದ ಮೇಲೆ ಮಾತಿಲ್ಲ ಎಂದುಬಿಟ್ಟ.

ಮೇಸ್ತ್ರಿಯನ್ನು ತರಕಾರಿ ಬ್ಯಾಗಿನಲ್ಲಿ ಮಲಗಿಸಿಕೊಂಡು ಮೂವರೂ ಬಸ್ಸು ಹತ್ತಿದರು. ಬ್ಯಾಗಿನೊಳಗೆ ಮಿಯಾಂವ್ ಎಂದಾಗಲೆಲ್ಲ ತಾತ ಜೋರಾಗಿ ಕೆಮ್ಮಿದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೆಕ್ಕಿಗೂ ತಾತನಿಗೂ ತಾಳ ತಪ್ಪಿತು. ಕಂಡಕ್ಟರು ಬಂದು ಬ್ಯಾಗಿನೊಳಗೆ ಇಣುಕಿದ.

ಹೆಂಗಸರಿಗೂ ಹುಡುಗಿಯರಿಗೂ ಬಸ್ಸು ಫ್ರೀ ಅಲ್ಲವೇ, ಅದಕ್ಕೇ ಅವನು ನಗದೆ ಕೇಳಿದ: "ಗಂಡೋ ಹೆಣ್ಣೋ?"

"ಹೆಣ್ಣು" ಎಂದ ಅಪ್ಪ ತಟ್ಟನೆ.

"ಗಂಡು" ಎಂದ ತಾತ ಅದೇ ಗಳಿಗೆಯಲ್ಲಿ. ಪ್ರಾಣಿಯ ವಿಚಾರದಲ್ಲಿ ಅವನು ಸುಳ್ಳು ಹೇಳುವವನಲ್ಲ.

ಹೆಣ್ಣಾದರೆ ಆಧಾರ್ ಕಾರ್ಡ್ ತೋರಿಸಲಿ ಎಂದ ಕಂಡಕ್ಟರು. ಇಡೀ ಬಸ್ಸು ನಕ್ಕಿತು. ಅಪ್ಪ ಮುಖ ಊದಿಸಿಕೊಂಡು ಶರ್ಟಿನ ಜೇಬಿನಿಂದ ಚಿಲ್ಲರೆ ತೆಗೆದು, ಎರಡು ಸಲ ಎಣಿಸಿ, ಮೇಸ್ತ್ರಿಗೂ ಟಿಕೆಟ್ ತೆಗೆದುಕೊಂಡ. ಅಪ್ಪ ಯಾವಾಗಲೂ ಹಾಗೇ. ಐದು ರೂಪಾಯಿ ಕೊಡುವಾಗಲೂ ಎರಡು ಸಲ ಎಣಿಸುತ್ತಾನೆ.

ಕ್ಲಿನಿಕ್ಕಿನಲ್ಲಿ ಫ್ಯಾನಿತ್ತು, ಕುರ್ಚಿಗಳಿದ್ದವು, ಗೋಡೆಯ ಮೇಲೆ ನಗುವ ನಾಯಿಗಳ ಫೋಟೊಗಳಿದ್ದವು. ಕೌಂಟರಿನ ಹುಡುಗಿ ಬೆಕ್ಕಿನ ಹೆಸರು, ಮನೆಯವರ ಹೆಸರು ಎರಡನ್ನೂ ಕೇಳಿ ಕಂಪ್ಯೂಟರಿಗೆ ಹೊಡೆದಳು. ಪಕ್ಕದ ಕುರ್ಚಿಯಲ್ಲಿ ಉರಿಗಾಂನ ಕಲಾ ಎಂಬಾಕೆ ಬಿಳಿ ನಾಯಿಮರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಅದಕ್ಕೆ ಉಗುರು ಕತ್ತರಿಸಲು ಬಂದಿದ್ದರಂತೆ. ಅಪ್ಪ ಒಂದು ಸಲ ನಾಯಿಯ ಉಗುರು ನೋಡಿದ, ಒಂದು ಸಲ ತನ್ನ ಉಗುರು ನೋಡಿಕೊಂಡ.

"ರೊಂಬ ಚೆನ್ನಾಗಿದೆ ಸಾರ್ ನಿಮ್ಮ ಬೆಕ್ಕು" ಎಂದರು ಆಕೆ ತಮಿಳು ಬೆರೆಸಿ.

ಅದು ತನ್ನದಲ್ಲ, ತನ್ನ ಅಪ್ಪನದು ಎಂದು ಅಪ್ಪ ಕುರ್ಚಿಯನ್ನು ಆ ಕಡೆಗೆ ಎಳೆದುಕೊಂಡ. ಆ ಹೊತ್ತಿಗೇ ಕೌಂಟರಿನ ಹುಡುಗಿ ಗಟ್ಟಿಯಾಗಿ, "ಮೇಸ್ತ್ರಿ ಶ್ರೀರಾಮಪ್ಪ, ಒಳಗೆ ಬನ್ನಿ" ಎಂದು ಕೂಗಿದಳು. ಎದ್ದು ಹೋಗುವಾಗ ಅಪ್ಪನ ಕಿವಿ ಕೆಂಪಾಗಿತ್ತು.

ಡಾಕ್ಟರಮ್ಮ ಎಕ್ಸ್‌ರೇ ತೆಗೆದರು. ಕಪ್ಪು ಹಾಳೆಯಲ್ಲಿ ಮೇಸ್ತ್ರಿಯ ಮೂಳೆ ಬೆಂಕಿಕಡ್ಡಿ ಮುರಿದ ಹಾಗೆ ಕಾಣಿಸಿತು. ಎಳೆಯ ಬೆಕ್ಕು, ಕಟ್ಟು ಹಾಕಿದರೆ ಕೂಡಿಕೊಳ್ಳುತ್ತದೆ, ಮೊದಲಿನ ಹಾಗೇ ಗೋಡೆ ಹತ್ತುತ್ತದೆ ಎಂದರು. ಶಶಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಆಮೇಲೆ ಅವರು ಎಕ್ಸ್‌ರೇ, ಕಟ್ಟು, ಇಂಜೆಕ್ಷನ್, ಔಷಧಿ ಎಲ್ಲಾ ಸೇರಿ ಮೂರು ಸಾವಿರವಾಗುತ್ತದೆ ಎಂದರು.

ಬೆಲೆಯನ್ನು ಮೇಸ್ತ್ರಿಯ ಎದುರಿಗೇ ಹೇಳಿದ್ದಕ್ಕೆ ತಾತ ಮುಖ ಸಿಂಡರಿಸಿದ. ಆದರೂ ಮೀಸೆಯ ಕೆಳಗೆ ನಗುತ್ತಿದ್ದ. "ಸರಿಯಾಗೈತೆ. ಮೂರು" ಎಂದ.

ಅಪ್ಪ ಎದ್ದು ನಿಂತ. "ಏನ್ ಸರಿಯಾಗೈತೆ? ನಾನ್ ಒತ್ತಿದ್ದು ಮುನ್ನೂರಕ್ಕೆ."

"ನನ್ ಟವೆಲ್ ಕೆಳಗೆ ಯಾವತ್ತಾದ್ರೂ ನೂರರ ಯಾವಾರ ಆಗೈತಾ? ಕೋಳಿ ಯಾಪಾರ ಅಂದ್ಕಂಡ್ಯೇನ್ಲಾ?"

"ಎತ್ತಿಗೆ ಸಾವಿರ ಸರಿ ಕಣಪ್ಪೋ, ಬೆಕ್ಕಿಗೆ ಯಾರಾದ್ರೂ ಸಾವಿರ ಇಡ್ತಾರಾ?"

ಇಬ್ಬರ ಮಾತೂ ಬಾಗಿಲಾಚೆಗೆ ಕೇಳಿಸಿತು. ಕಲಾ ಅವರು ನಾಯಿಮರಿಯನ್ನೆತ್ತಿಕೊಂಡು ಬಾಗಿಲಿಗೇ ಬಂದು ನಿಂತರು. ಡಾಕ್ಟರಮ್ಮನಿಗೆ ಮೂರು ಬೆರಳೆಂದರೇನು, ಟವೆಲ್ಲೆಂದರೇನು, ಒಂದೂ ಅರ್ಥವಾಗಲಿಲ್ಲ. ಪಾಪ, ಆಕೆ ಕಟ್ಟಿನ ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಒಬ್ಬರ ಮುಖ ಆದ ಮೇಲೆ ಒಬ್ಬರ ಮುಖ ನೋಡುತ್ತಿದ್ದರು.

ಶಶಿ ಮಾತ್ರ ಮೇಸ್ತ್ರಿಯ ತಲೆಯ ಮೇಲಿನ ಕೈ ತೆಗೆಯಲಿಲ್ಲ. ಅದು ನೋವಿನಲ್ಲೂ ಅವಳ ಹೆಬ್ಬೆರಳು ನೆಕ್ಕುತ್ತಿತ್ತು.

"ಅಪ್ಪಾ, ನಂಗೆ ಅಬ್ಬಕ್ಕೆ ಬಟ್ಟೆ ಬ್ಯಾಡ" ಎಂದಳು.

ಅಪ್ಪ ತಿರುಗಿ ಅವಳನ್ನು ನೋಡಿದ. ಆಮೇಲೆ, ಬಾಗಿಲಲ್ಲಿ ನಿಂತವರಿಗೂ ಕೇಳುವ ಹಾಗೆ ದೊಡ್ಡದಾಗಿ ನಿಟ್ಟುಸಿರು ಬಿಟ್ಟು, ಹೆತ್ತ ಅಪ್ಪನೇ ತನಗೆ ಟೋಪಿ ಹಾಕಿಬಿಟ್ಟ, ಟವೆಲ್ಲಿನ ಕೆಳಗೆ ಆಡಿದ್ದನ್ನು ತಪ್ಪಿದರೆ ಮನೆತನದ ಮರ್ಯಾದೆ ಹೋಗುತ್ತದೆ, ಕಟ್ಟು ಹಾಕಿ ಎಂದ. ಗೋಡೆಯ ಕಡೆ ತಿರುಗಿ, ಶರ್ಟಿನ ಗುಂಡಿ ಬಿಚ್ಚಿ, ಬನೀನಿನ ಒಳಜೇಬಿಗೆ ಕೈ ಹಾಕಿದ. ರಬ್ಬರ್‌ಬ್ಯಾಂಡ್ ಹಾಕಿದ್ದ ನೋಟಿನ ಸುರುಳಿ ತೆಗೆದು, ಬಾಗಿಲಾಚೆ ಹೋಗಿ ಹಾಗೇ ಕೌಂಟರಿನ ಹುಡುಗಿಗೆ ಕೊಟ್ಟ.

ಹುಡುಗಿ ಎಣಿಸಿದಳು. ಸರಿಯಾಗಿ ಮೂರು ಸಾವಿರವಿತ್ತು.

ವಾಪಸ್ ಬರುವಾಗ ಮೇಸ್ತ್ರಿ ಕಾಲಿಗೆ ನೀಲಿ ಕಟ್ಟು ಹಾಕಿಸಿಕೊಂಡು ಬ್ಯಾಗಿನಲ್ಲಿ ಗೊರಕೆ ಹೊಡೆಯುತ್ತಿತ್ತು. ತಾತ ಕಂಡಕ್ಟರನ ಹತ್ತಿರ ಯಾವುದೋ ಹಳೇ ಎತ್ತಿನ ಕತೆ ಹೇಳುತ್ತಿದ್ದ. ಶಶಿ ಕಿಟಕಿಯಿಂದ ಚಿನ್ನದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬಗಳನ್ನು ನೋಡುತ್ತಾ ಕುಳಿತಿದ್ದಳು. ಅವಳ ತಲೆಯಲ್ಲಿ ಏನೋ ಒಂದು ಲೆಕ್ಕ ಕೂಡುತ್ತಿರಲಿಲ್ಲ.

ಅಪ್ಪ ಯಾಕೆ ಎಣಿಸಲಿಲ್ಲ?

ಐದು ರೂಪಾಯಿಗೂ ಎರಡು ಸಲ ಎಣಿಸುವ ಅಪ್ಪ ಅಷ್ಟೂ ನೋಟನ್ನು ಎಣಿಸದೆ ಕೊಟ್ಟ. ಹಾಗಾದರೆ ಮನೆಯಲ್ಲೇ ಎಣಿಸಿಕೊಂಡು ಬಂದಿದ್ದ. ಮುನ್ನೂರು ಖರ್ಚು ಮಾಡಲು ಹೊರಟವನು ಹಾಲಿನ ಬಟವಾಡೆಯ ದುಡ್ಡಿನಲ್ಲಿ ಮೂರು ಸಾವಿರ ತೆಗೆದು ಬನೀನಿನೊಳಗೆ ಯಾಕೆ ಇಟ್ಟುಕೊಳ್ಳುತ್ತಾನೆ? ದನದ ಡಾಕ್ಟರು ಬೈಕಿನ ಸದ್ದಿನಲ್ಲಿ ಯಾವ ಮೊತ್ತ ಹೇಳಿರಬೇಕು ಎಂಬುದೂ ಈಗ ಅವಳಿಗೆ ಹೊಳೆಯಿತು. ಅಲ್ಲದೆ ಅಪ್ಪ ದಲ್ಲಾಳಿಯ ಮಗ. ತಾತನ ಟವೆಲ್ಲಿನ ಕೆಳಗೇ ಬೆಳೆದವನು. ಅವನಿಗೆ ಬೆರಳಿನ ಲೆಕ್ಕ ತಪ್ಪುತ್ತದಾ?

ಶಶಿ ಅಪ್ಪನ ಮುಖ ನೋಡಿದಳು. ಅಪ್ಪ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಂಡಿದ್ದ. ಅವನ ಒಂದು ಕೈ ಮಾತ್ರ ಬ್ಯಾಗಿನ ಅಡಿಯಲ್ಲಿತ್ತು. ಬಸ್ಸು ಹಳ್ಳಕ್ಕೆ ಇಳಿದಾಗಲೆಲ್ಲ ಆ ಕೈ ಬ್ಯಾಗನ್ನು ಮೆಲ್ಲಗೆ ಎತ್ತಿ ಹಿಡಿಯುತ್ತಿತ್ತು.

ಸಂಜೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದವರ ಸಾಲು. ಎಲ್ಲರಿಗೂ ಆಗಲೇ ಸುದ್ದಿ ಗೊತ್ತಿತ್ತು. ಅಪ್ಪ ತಾನೇ ಶುರು ಮಾಡಿ, ತಾತ ತನಗೆ ಹೇಗೆ ಮೋಸ ಮಾಡಿದ ಎಂದು ಕೈ ಬಾಯಿ ತಿರುಗಿಸಿ ವರ್ಣಿಸಿದ. ತಾತನೂ ಪಕ್ಕದಲ್ಲಿ ನಿಂತು, ಮಗನಿಗೆ ಇಷ್ಟು ವರ್ಷ ಕಲಿಸಿದರೂ ಬುದ್ಧಿ ಬರಲಿಲ್ಲ ಎಂದು ಕೊಚ್ಚಿಕೊಂಡ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆಕ್ಕಿಗೆ ಮೂರು ಸಾವಿರ ಸುರಿದವನು ಎಂದು ಯಾರೂ ಅಪ್ಪನನ್ನು ಆಡಿಕೊಳ್ಳಲಿಲ್ಲ. ಹೆತ್ತ ಅಪ್ಪನ ಕೈಯಲ್ಲೇ ಮೋಸ ಹೋದ ಮಗ ಎಂದು ಅಯ್ಯೋ ಪಾಪ ಅಂದರು.

ಪಾಪಕ್ಕ ಒಬ್ಬಳು ಪೂರ್ತಿ ನಗಲಿಲ್ಲ. ಅವಳು ತನ್ನ ಕ್ಯಾನು ಕೆಳಗಿಟ್ಟು ಶಶಿಯ ಹತ್ತಿರ ಬಗ್ಗಿದಳು.

"ನಿಜ ಏಳಮ್ಮಣ್ಣಿ. ನಿಮ್ಮಪ್ಪಂಗೆ ಮದ್ಲೇ ಗೊತ್ತಿರ್ಲಿಲ್ವಾ?"

ಸಾಲಿನವರೆಲ್ಲ ಶಶಿಯ ಕಡೆ ತಿರುಗಿದರು. ಶಶಿ ಅಪ್ಪನನ್ನು ನೋಡಿದಳು. ಅಪ್ಪ ಬಗ್ಗಿ, ಗಟ್ಟಿಯಾಗಿ ಮುಚ್ಚಿದ್ದ ಕ್ಯಾನಿನ ಮುಚ್ಚಳವನ್ನು ಇನ್ನೊಂದು ಸಲ ಮುಚ್ಚುತ್ತಿದ್ದ.

"ಊಹುಂ, ಪಾಪಕ್ಕ. ಅಪ್ಪಂಗೆ ಏನೂ ಗೊತ್ತಿರ್ಲಿಲ್ಲ" ಎಂದಳು ಶಶಿ.

ಅಪ್ಪ ತಲೆ ಎತ್ತಲಿಲ್ಲ. ಹಾಲು ಅಳೆಸಿ, ಕ್ಯಾನು ಎತ್ತಿಕೊಂಡು ಅವಳ ಪಕ್ಕಕ್ಕೆ ಬಂದ. ಕ್ಯಾನಿನ ತಳದಲ್ಲಿ ಒಂದು ಲೋಟದಷ್ಟು ಹಾಲು ಉಳಿಸಿಕೊಂಡಿದ್ದ.

"ಬಿರ್ರನೆ ನಡಿ. ಮೇಸ್ತ್ರಿಗೆ ಅಸಿವಾಗಿರ್ತೈತೆ" ಎಂದ.