ಶುಕ್ರವಾರದ ಹ್ಯಾಕರ್‌ಗಳು

ಏಳು ದೇಶಗಳ ಹ್ಯಾಕರ್‌ಗಳು ಒಟ್ಟಾಗಿ ನನ್ನ ಫೋನಿನ ಮೇಲೆ ಬಿದ್ದಿದ್ದರು. ನಾನೊಬ್ಬನೇ, ಎಡಗೈಯಲ್ಲಿ ಟೀ ಲೋಟ ಹಿಡಿದುಕೊಂಡು, ಬಲಗೈ ಹೆಬ್ಬೆರಳೊಂದರಿಂದಲೇ ಅವರನ್ನೆಲ್ಲ ಓಡಿಸಿದೆ. ಅವರಲ್ಲೊಬ್ಬ ಸೋತು ಸುಣ್ಣವಾಗಿ, ‘ಅಣ್ಣಾ, ನಿಮ್ಮ ಕೈಕೆಳಗೆ ಕೆಲಸ ಕಲೀಬೇಕು’ ಎಂದು ಅಚ್ಚ ಕನ್ನಡದಲ್ಲಿ ಮೆಸೇಜ್ ಹಾಕಿದ.

ನಂಬುವುದಿಲ್ಲವೇ? ರಶ್ಮಿ ನಂಬಿದ್ದಳು. ತೊಂದರೆ ಆದದ್ದೇ ಅಲ್ಲಿ.

ನನ್ನ ಹೆಸರು ಚನ್ನು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ರಿಜ್ವಾನ್ ಭಾಯ್ ಅವರ ಮೊಬೈಲ್ ಅಂಗಡಿ ಇದೆಯಲ್ಲ, ಅಲ್ಲಿನ ಸೆಕ್ಯುರಿಟಿ ವಿಭಾಗದ ಮುಖ್ಯಸ್ಥ. ಪೂರ್ವ ಬೆಂಗಳೂರಿನ ಅರ್ಧದಷ್ಟು ಫೋನುಗಳು ಸುರಕ್ಷಿತವಾಗಿರುವುದು ನನ್ನಿಂದಲೇ. ಇನ್ನರ್ಧ ನನ್ನ ಹತ್ತಿರ ಬಂದಿಲ್ಲ.

ಒಂದು ಮಧ್ಯಾಹ್ನ ರಶ್ಮಿ ಬಂದಳು. ಬಿಸಿಲಿಗೆಂದು ತಲೆಗೆ ಹೊದ್ದಿದ್ದ ದುಪಟ್ಟಾ ಇಳಿಸುವುದನ್ನೂ ಮರೆತು, ಕೌಂಟರಿನ ಮೇಲೆ ಬಾಗಿ, ಪಕ್ಕದವರಿಗೆ ಕೇಳಿಸದ ಹಾಗೆ ಒಂದು ಪ್ರಶ್ನೆ ಕೇಳಿದಳು. ಒಬ್ಬರ ಫೋನಿಗೆ ಬರುವ ಮೆಸೇಜುಗಳನ್ನು ಇನ್ನೊಬ್ಬರು ಬೇರೆಲ್ಲೋ ಕೂತು ಓದುತ್ತಿದ್ದರೆ ಅದನ್ನು ಕಂಡುಹಿಡಿಯುವುದು ಹೇಗೆ?

ಆ ದನಿಗೆ ಅಂಗಡಿಯ ಅಷ್ಟೂ ಫೋನುಗಳು ಒಮ್ಮೆಲೇ ಬೆಳಗಿದವು. ಅವುಗಳಲ್ಲಿ ಅರ್ಧ ಬರೀ ಡಮ್ಮಿಗಳಾಗಿದ್ದವು ಎನ್ನುವುದನ್ನು ಗಮನಿಸಬೇಕು.

ಚಾಟ್ ಆ್ಯಪಿನ ಸೆಟ್ಟಿಂಗ್ಸ್ ತೆಗೆದು, ‘ಲಿಂಕ್ಡ್ ಡಿವೈಸಸ್’ ಎಂಬ ಜಾಗ ತೋರಿಸಿದೆ. ಆ ಫೋನಿನ ಚಾಟ್ ಬೇರೆ ಎಲ್ಲೆಲ್ಲಿ ತೆರೆದಿದೆಯೋ ಅದೆಲ್ಲ ಅಲ್ಲಿ ಕಾಣುತ್ತದೆ. ಆಮೇಲೆ ಅವಳೇ ವಿಷಯ ಹೇಳಿದಳು. ಅವಳು ಫ್ರೇಜರ್ ಟೌನ್‌ನಲ್ಲಿ, ಮನೆಯಲ್ಲಿ ಕಷ್ಟಪಡುವ ಹೆಂಗಸರಿಗೆ ನೆರವಾಗುವ ಒಂದು ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿಗೆ ಬರುವ ಒಬ್ಬಾಕೆಯ ಗಂಡ, ಹೆಂಡತಿಯ ಫೋನನ್ನು ಒಂದು ಗಳಿಗೆ ಕೈಗೆ ತೆಗೆದುಕೊಂಡು ತನ್ನ ಲ್ಯಾಪ್‌ಟಾಪಿಗೆ ಲಿಂಕ್ ಮಾಡಿಕೊಂಡಿದ್ದನಂತೆ. ಆಕೆ ಸಹಾಯ ಕೇಳಿ ಬರೆದದ್ದನ್ನೆಲ್ಲ ಪಕ್ಕದ ಕೋಣೆಯಲ್ಲಿ ಕೂತು ಓದುತ್ತಿದ್ದನಂತೆ. ಯಾರು ಆಕೆ ಎಂದು ಕೇಳಿದೆ. ರಶ್ಮಿ ಸುಮ್ಮನೆ ನಕ್ಕಳು. ಹೆಸರು ಮಾತ್ರ ಹೊರಗೆ ಬರಲಿಲ್ಲ.

ಇನ್ನೇನಾದರೂ ಅನುಮಾನ ಬಂದರೆ ಕೇಳಲು ನನ್ನ ನಂಬರ್ ತೆಗೆದುಕೊಂಡಳು. ಆದರೆ ಅವಳದೊಂದು ಷರತ್ತಿತ್ತು. ಆ ಆ್ಯಪಿನಲ್ಲಿ ಇಬ್ಬರ ನಡುವಿನ ಚಾಟ್‌ಗೆ ಅವರಿಬ್ಬರದೇ ಒಂದು ಸೆಕ್ಯುರಿಟಿ ಕೋಡ್ ಇರುತ್ತದೆ. ಎದುರೆದುರು ನಿಂತು ಒಬ್ಬರ ಫೋನಿನಿಂದ ಇನ್ನೊಬ್ಬರ ಕೋಡ್ ಸ್ಕ್ಯಾನ್ ಮಾಡಿ ಹಸಿರು ಟಿಕ್ ಬಂದರೆ, ನಡುವೆ ಮೂರನೆಯವರಿಲ್ಲ ಎಂದು ಖಾತ್ರಿ. ಭೂಲೋಕದಲ್ಲಿ ಇದನ್ನು ಯಾರೂ ಮಾಡುವುದಿಲ್ಲ. ರಶ್ಮಿ ಮಾಡುತ್ತಿದ್ದಳು. ಹಾಲು ಹಾಕುವವನ ಜೊತೆಗೂ ಮಾಡಿದ್ದಳು.

ಎರಡು ತಲೆಗಳು ಒಂದು ಫೋನಿನ ಮೇಲೆ ಬಾಗಿದವು. ಅವಳು ಎರಡು ಬೆರಳಿನಿಂದ ನನ್ನ ಮಣಿಕಟ್ಟು ಹಿಡಿದು, “ಅಲ್ಲಾಡ್ಸಬೇಡ್ರೀ,” ಅಂದಳು.

ಭೂಮಿ ತಿರುಗುವುದನ್ನು ನಿಲ್ಲಿಸಿತು. ತಿಪ್ಪಸಂದ್ರದ ಟ್ರಾಫಿಕ್ ನೋಡಿದವರಿಗೆ ಗೊತ್ತು, ಅದು ಇನ್ನೂ ಹೊರಟಿಲ್ಲ.

ಆಮೇಲೆ ಮೆಸೇಜುಗಳು ಶುರುವಾದವು. ಮೊದಲು ಅನುಮಾನಗಳು, ನಂತರ ಊಟದ ಡಬ್ಬಿ, ಬಸ್ಸು, ಲಿಂಗರಾಜಪುರದ ಅವರ ಮನೆಯ ತಾರಸಿಗೆ ಬಂದು ಕೂರುವ ಹದ್ದು. ಚಾಟ್‌ಗಳ ಬ್ಯಾಕಪ್ ಎಲ್ಲೋ ಯಾರದೋ ಸರ್ವರಿನಲ್ಲಿ ಬಿದ್ದಿರುವುದು ಬೇಡ, ಆಫ್ ಮಾಡಿ ಎಂದಳು. ಮಾಡಿದೆ. ಉಸಿರಾಡುವುದನ್ನು ಆಫ್ ಮಾಡಿ ಎಂದಿದ್ದರೂ ಮಾಡುತ್ತಿದ್ದೆ.

ಹೀಗಿರುವಾಗ ನನ್ನ ಹಳೇ ಫೋನ್ ಕೆಟ್ಟು, ಹೊಸದಕ್ಕೆ ಬದಲಾಯಿಸಿದೆ. ಆ ಸಂಜೆಯೇ ರಶ್ಮಿಯ ಕರೆ ಬಂತು. ‘ಚನ್ನು ಜೊತೆಗಿನ ಸೆಕ್ಯುರಿಟಿ ಕೋಡ್ ಬದಲಾಗಿದೆ’ ಎಂಬ ಸಾಲು ಅವಳ ಚಾಟಿನಲ್ಲಿ ಕಾಣಿಸಿಕೊಂಡಿತ್ತು. ಏನನ್ನೂ ಕಳಿಸಬೇಡಿ, ನಾಳೆ ಶನಿವಾರ ನನಗೆ ಅರ್ಧ ದಿನ, ಎದುರಿಗೇ ಸಿಕ್ಕಿ ಸ್ಕ್ಯಾನ್ ಮಾಡೋಣ ಎಂದಳು. ದನಿಯಲ್ಲಿ ಗಾಬರಿಯಿತ್ತು. ನನ್ನ ಕಿವಿಗೆ ಬಿದ್ದದ್ದು ‘ಸಿಕ್ಕಿ’ ಎಂಬುದೊಂದೇ.

ಹಲಸೂರು ಮೆಟ್ರೋ ಸ್ಟೇಷನ್ ಕೆಳಗೆ ಸಿಕ್ಕೆವು. ಸ್ಕ್ಯಾನ್ ಆಯಿತು, ಟಿಕ್ ಬಂತು. ಬಂದದ್ದು ಬಂದಾಯಿತು ಎಂದು ಮರ್ಫಿ ಟೌನ್ ಕಡೆಗೆ ನಡೆದು, ಒಂದು ಸಣ್ಣ ಅಂಗಡಿಯಲ್ಲಿ ಟೀ ಕುಡಿದೆವು. ಅವಳು ನಗು ತಡೆಯಬೇಕಾದಾಗಲೆಲ್ಲ ಲೋಟವನ್ನು ತುಟಿಯವರೆಗೆ ಎತ್ತಿ, ಕುಡಿಯದೆ, ಅದರ ಅಂಚಿನ ಮೇಲಿನಿಂದ ನೋಡುತ್ತಾಳೆ ಎಂಬುದು ಅಂದು ತಿಳಿಯಿತು. ಆ ನೋಟಕ್ಕೆ ಮೆಟ್ರೋ ರೈಲೊಂದು ಸ್ಟೇಷನ್ ದಾಟಿ ನಿಂತಿತು.

ಹ್ಯಾಕರ್‌ಗಳು ನನ್ನ ಬೆನ್ನು ಹತ್ತಿದ್ದು ಅದರ ಮುಂದಿನ ವಾರದಿಂದ. ಶುಕ್ರವಾರ ಸಂಜೆಯಾದರೆ ಸಾಕು, ಕೋಡ್ ಬದಲಾಗುತ್ತಿತ್ತು. ರಶ್ಮಿಯ ಕರೆ ಬರುತ್ತಿತ್ತು. ಶನಿವಾರ ನಾನು ಹಲಸೂರಿನಲ್ಲಿ ಆ ವಾರದ ಯುದ್ಧವನ್ನು ವರ್ಣಿಸುತ್ತಿದ್ದೆ. ಒಮ್ಮೆ ಶತ್ರುಗಳು ಸಮುದ್ರದ ತಳದ ಕೇಬಲ್ಲಿನಿಂದ ಬಂದರು, ಇನ್ನೊಮ್ಮೆ ಉಪಗ್ರಹದಿಂದ. ಅಷ್ಟೊಂದು ಜನ ನಿಮ್ಮ ಫೋನಿಗೇ ಯಾಕೆ ಬರುತ್ತಾರೆ ಎಂದು ಅವಳು ಒಮ್ಮೆ ಕೇಳಿದಳು. ಪ್ರತಿಭೆಯ ವಾಸನೆ ಅವರಿಗೆ ಬೇಗ ಹತ್ತುತ್ತದೆ ಎಂದೆ. ಲೋಟ ತುಟಿಯ ಹತ್ತಿರ ಹೋಯಿತು. ಆದರೆ ಹೊರಡುವಾಗ, ಮನೆಯಲ್ಲಿ ನಿಮ್ಮ ಅಮ್ಮನ ಫೋನನ್ನೂ ಒಮ್ಮೆ ನೋಡಿಬಿಡಿ ಎಂದು ನಿಜವಾದ ಕಾಳಜಿಯಿಂದ ಹೇಳಿದಳು.

ಮೊನ್ನೆಯ ಶನಿವಾರ ಅವಳು ಫೋನನ್ನು ಕೈಯಲ್ಲಿ ಹಿಡಿದು ಬರಲಿಲ್ಲ. ಅದು ಬ್ಯಾಗಿನಲ್ಲೇ ಇತ್ತು. ಟೀ ಬಂತು, ಆರಿತು. ಸೆಂಟರ್ ನಡೆಸುವ ಕಮರುನ್ನೀಸಾ ಮೇಡಂಗೆ ವಿಷಯ ಗೊತ್ತಾಗಿತ್ತಂತೆ. ಎಷ್ಟೋ ಹೆಂಗಸರ ಗುಟ್ಟಿರುವ ನಿನ್ನ ಫೋನಿನಲ್ಲಿ, ಪ್ರತಿ ವಾರ ಯಾರೋ ನುಗ್ಗುತ್ತಿರುವ ಇನ್ನೊಂದು ನಂಬರಿಗೆ ಜಾಗವಿಲ್ಲ ಎಂದಿದ್ದರಂತೆ.

“ಮೇಡಂ ಹೇಳಿದ್ದು ಸರೀನೇ,” ಎಂದಳು ರಶ್ಮಿ. “ಇವತ್ತು ನಿಮ್ಮ ನಂಬರ್ ಬ್ಲಾಕ್ ಮಾಡ್ತೀನಿ. ಹೇಳ್ದೇನೇ ಮಾಡೋಕೆ ಮನಸ್ಸು ಬರ್ಲಿಲ್ಲ. ಅದಕ್ಕೇ ಬಂದೆ.”

ಈ ಮೂರ್ಖನಿಗೆ ಆಗಲೂ ಬುದ್ಧಿ ಬರಲಿಲ್ಲ. ಯುದ್ಧ ನಿನ್ನೆಯೇ ಮುಗಿಯಿತು, ಏಳೂ ದೇಶಗಳು ಶರಣಾದವು, ಇನ್ನು ಜನ್ಮದಲ್ಲಿ ಕೋಡ್ ಬದಲಾಗುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಅವಳ ಎಡ ಹುಬ್ಬು ಮೆಲ್ಲಗೆ ಮೇಲೇರಿತು.

“ನಡುವೆ ನಾನು ಅಕ್ಕನ ಬಾಣಂತನಕ್ಕೆ ಹುಬ್ಬಳ್ಳಿಗೆ ಹೋಗಿದ್ನಲ್ಲ. ಅಷ್ಟು ದಿನ ಒಂದ್ಸಲಾನೂ ಕೋಡ್ ಬದಲಾಗ್ಲಿಲ್ಲ. ಯಾಕ್ರೀ?”

“ಅವರಿಗೆ ರಜೆ ಇತ್ತು.”

“ಏಳು ದೇಶಕ್ಕೂ?”

ನಾನು ಟೀಯ ಕೆನೆ ನೋಡುತ್ತಾ ಕೂತೆ.

“ಫೋನ್ ಕೊಡಿ,” ಎಂದಳು.

ಕೊಟ್ಟೆ. ನಮ್ಮಿಬ್ಬರ ಚಾಟ್ ತೆರೆದಳು. ಅದರಲ್ಲಿ ಒಂದು ಮೆಸೇಜೂ ಇರಲಿಲ್ಲ. ಮೇಲಕ್ಕೆ ಸರಿಸಿದಳು. ಏನೂ ಇಲ್ಲ. ಆ್ಯಪ್ ಅನ್ನು ತೆಗೆದು ಮತ್ತೆ ಹಾಕಿದರೆ ಕೋಡ್ ಬದಲಾಗುತ್ತದೆ, ಬ್ಯಾಕಪ್ ಇಲ್ಲದಿದ್ದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ. ಅದನ್ನು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

“ನೀನೇ ತೆಗೀತಿದ್ಯಾ? ಪ್ರತಿ ಶುಕ್ರವಾರ?”

ಅವಳು ನನ್ನನ್ನು ‘ನೀನು’ ಎಂದದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ನಾನು ಮರ್ಫಿ ಟೌನ್‌ಗೆಲ್ಲ ಸಿಹಿ ಹಂಚುತ್ತಿದ್ದೆ.

“ಆ ಸಾಲು ಬಂದಾಗೆಲ್ಲ ನಂಗೆ ಏನಾಗುತ್ತೆ ಅಂತ ಗೊತ್ತಾ ನಿಂಗೆ? ಇನ್ಯಾರದೋ ಗಂಡ ನನ್ನ ಫೋನೊಳಗೂ ಬಂದು ಕೂತ ಅನ್ಸುತ್ತೆ. ಆಫೀಸಲ್ಲಿ ಎಲ್ಲರ ಫೋನೂ ಮತ್ತೆ ಚೆಕ್ ಮಾಡ್ತೀನಿ. ನೀನು ಇಲ್ಲಿ ಕಥೆ ಕಟ್ಕೊಂಡು ಕೂತಿದ್ಯಾ.”

ದನಿ ಏರಿರಲಿಲ್ಲ. ಕಣ್ಣಂಚು ಕೆಂಪಾಗಿತ್ತು. ಆ ಕೆಂಪನ್ನು ದೊಡ್ಡದು ಮಾಡಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದು ಎಷ್ಟಿತ್ತೋ ಅಷ್ಟೇ ಸಾಕಾಗಿತ್ತು.

ನಿಜ ಹೇಳಿದೆ. ಹ್ಯಾಕರ್‌ಗಳು ಯಾರೂ ಇಲ್ಲ. ಸೆಕ್ಯುರಿಟಿ ವಿಭಾಗವೂ ಇಲ್ಲ, ನಾನು ಅಂಗಡಿಯಲ್ಲಿ ಫೋನಿನ ಪರದೆಗೆ ಟೆಂಪರ್ಡ್ ಗ್ಲಾಸ್ ಅಂಟಿಸುವವನು, ಅದರಲ್ಲೂ ಆಗಾಗ ಗಾಳಿಯ ಗುಳ್ಳೆ ಉಳಿಯುತ್ತದೆ. ಮೊದಲ ಸಲ ಮಾತ್ರ ಫೋನ್ ನಿಜವಾಗಿ ಕೆಟ್ಟಿತ್ತು. ಆಮೇಲಿನ ಶುಕ್ರವಾರಗಳಲ್ಲೆಲ್ಲ ಕಳ್ಳ ನಾನೇ.

“ನೋಡ್ಬೇಕು ಅನ್ಸಿದ್ರೆ ಹಾಗಂತ ಹೇಳೋಕೆ ಏನಾಗಿತ್ತು?”

“ಹ್ಯಾಕರ್ ಬಂದ್ರೆ ಬರ್ತೀರಿ, ನಾನು ಕರೆದ್ರೆ ಬರಲ್ಲ ಅಂದ್ಕೊಂಡಿದ್ದೆ.”

ಅವಳು ನನ್ನ ಫೋನನ್ನು ಮೇಜಿನ ಮೇಲೆ ಮಲಗಿಸಿದಳು. ಬೇರೆ ಕಡೆ ನೋಡುತ್ತಾ ಕೇಳಿದಳು.

“ನಾನು ಬರ್ದಿದ್ದೆಲ್ಲ ಹೋಯ್ತಾ ಹಾಗಾದ್ರೆ?”

“ಫೋನಲ್ಲಿಲ್ಲ.”

“ಮತ್ತೆಲ್ಲಿದೆ?”

ನಾನು ಹೇಳತೊಡಗಿದೆ. ‘ಇವತ್ತೂ ಡಬ್ಬೀಲಿ ಹೀರೇಕಾಯಿ. ಅಮ್ಮನಿಗೂ ಹೀರೇಕಾಯಿಗೂ ಏನೋ ಒಪ್ಪಂದ ಆಗಿದೆ.’ ಅದರ ಕೆಳಗೆ, ‘ಬಸ್ಸಲ್ಲಿ ಸೀಟು ಸಿಕ್ತು, ಕಿಟಕಿ ಪಕ್ಕ.’ ಅದರ ಕೆಳಗೆ ಬರೀ ‘ಹ್ಞೂಂ’. ಅದರ ಕೆಳಗೆ, ‘ಹದ್ದು ಇವತ್ತು ಬರ್ಲಿಲ್ಲ, ಯಾಕೋ ಬೇಜಾರು.’ ಅವಳು ಬ್ಯಾಗಿನಿಂದ ತನ್ನ ಫೋನ್ ತೆಗೆದು, ಪರೀಕ್ಷೆ ಪೇಪರ್ ತಿದ್ದುವ ಟೀಚರಿನಂತೆ ಒಂದೊಂದನ್ನೂ ಸರಿನೋಡಿದಳು. ಅವಳ ಹೆಬ್ಬೆರಳು ನನ್ನ ಮಾತಿನ ಹಿಂದೆಯೇ ಜಾರುತ್ತಿತ್ತು. ನಾನು ಒಂದಕ್ಷರವನ್ನೂ ಕೂಡಿಸಲಿಲ್ಲ. ಅದು ನನ್ನಂಥವನಿಗೆ ಎಷ್ಟು ಕಷ್ಟದ ಕೆಲಸ ಎಂದು ಇಲ್ಲಿವರೆಗೆ ಓದಿದವರಿಗೆ ಗೊತ್ತಿರುತ್ತದೆ.

“ಅದಾದ್ಮೇಲೆ?” ಎಂದಳು.

“ಅದಾದ್ಮೇಲೆ ‘ಶನಿವಾರ ಬೇಗ ಬಂದ್ಬಿಡ್ಲಿ’ ಅಂತ ಬರೆದ್ರಿ. ಆಮೇಲೆ ಡಿಲೀಟ್ ಮಾಡಿದ್ರಿ. ಅಷ್ಟರಲ್ಲಿ ನಾನು ಓದ್ಬಿಟ್ಟಿದ್ದೆ.”

ಅವಳ ಹೆಬ್ಬೆರಳು ನಿಂತಿತು. ಆ ಮೆಸೇಜು ಈಗ ಅವಳ ಫೋನಿನಲ್ಲಿಯೂ ಇರಲಿಲ್ಲ. ಕಿವಿಯಿಂದ ಶುರುವಾದ ಬಣ್ಣ ಮೆಲ್ಲಗೆ ಕೆನ್ನೆಯವರೆಗೆ ಇಳಿಯಿತು.

“ಓದಿದ್ಮೇಲೂ ಹ್ಯಾಕರ್ ಬೇಕಾಯ್ತಾ?”

“ಧೈರ್ಯ ಇರ್ಲಿಲ್ಲ,” ಎಂದೆ. ಬೇರೆ ಕಾರಣ ಏನೂ ಇರಲಿಲ್ಲ.

ಅವಳು ಆರಿದ ಟೀಯನ್ನೇ ಒಂದು ಗುಟುಕು ಕುಡಿದು ಮುಖ ಕಿವಿಚಿದಳು. ಇನ್ನೊಮ್ಮೆ ಆ ಸಾಲು ಬಂದರೆ, ನಿನ್ನ ಮನೆಗೆ ನಿಜವಾದ ಕಳ್ಳ ನುಗ್ಗಿದ್ದರೂ ಬರುವುದಿಲ್ಲ ಎಂದಳು. ಒಪ್ಪಿದೆ. ನನ್ನ ನಂಬರ್ ಬ್ಲಾಕ್ ಮಾಡುತ್ತೀರಾ ಎಂದು ಕೇಳುವ ಬದಲು ಅವಳ ಫೋನಿನತ್ತ ನೋಡಿದೆ. ಅವಳಿಗೇ ಅರ್ಥವಾಯಿತು.

“ಅದನ್ನ ನಾನೊಬ್ಳೇ ತೀರ್ಮಾನ ಮಾಡೋಕಾಗಲ್ಲ. ಬುಧವಾರ ಸೆಂಟರಿಗೆ ಬಾ. ಮೇಡಂ ಮುಂದೆ ನಿಂತು, ಇವತ್ತು ನಂಗೆ ಹೇಳಿದ್ದನ್ನೆಲ್ಲ ಹೇಳು.”

“ಎಲ್ಲಾನೂ?”

“ಗುಳ್ಳೆ ಉಳಿಯೋದನ್ನೂ.”

ಬುಧವಾರ ರಜೆ ಕೇಳುತ್ತೇನೆ, ರಿಜ್ವಾನ್ ಭಾಯ್ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ ಎಂದೆ. ಕೊಡದಿದ್ದರೆ ಗುರುವಾರ ಎಂದಳು. ಎದ್ದು ದುಪಟ್ಟಾ ಸರಿಮಾಡಿಕೊಂಡಳು. ನಾನು ಇನ್ನೂ ಕೂತೇ ಇದ್ದೆ.

“ಮೇಡಂ ತುಂಬಾ ಬೈತಾರಾ?”

“ತುಂಬಾ,” ಎಂದಳು ರಶ್ಮಿ. “ನಾನು ಪಕ್ಕದಲ್ಲೇ ನಿಂತಿರ್ತೀನಿ, ಬಾ.”